ಹಲ್ಲಿನ ಕಲೆ ಮತ್ತು ದುರ್ಬಲ ದಂತಕವಚಕ್ಕೆ ಚಿಕಿತ್ಸೆ: ದಾವಣಗೆರೆ ಮತ್ತು ಹರಿಹರದ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ:
ಎನಾಮೆಲ್ ಎಂದು ಕರೆಯಲಾಗುವ ದಂತಕವಚವು ಮಾನವ ಶರೀರದ ಅತ್ಯಂತ ಗಟ್ಟಿಯಾದ ಪದಾರ್ಥವಾಗಿದ್ದು, ಒಮ್ಮೆ ನಶಿಸಿದಲ್ಲಿ ಮರಳಿ ಬೆಳೆಯುವುದಿಲ್ಲ. ಆದ್ದರಿಂದ ಹಲ್ಲಿನ ಬಣ್ಣ ಸರಿಪಡಿಸಿಕೊಳ್ಳಲು ಇಚ್ಛಿಸುವವರು ಮೊದಲು ಕಾರಣವನ್ನು ತಿಳಿದುಕೊಳ್ಳುವುದು ಅವಶ್ಯಕವಾಗಿದೆ.

ಕಾರಣಗಳು:
ತಂಬಾಕು, ಗುಟ್ಕಾ, ಎಲೆ ಅಡಿಕೆ ಹಾಗೂ ಚಹಾದ ಕಲೆಗಳು ಹಲ್ಲಿನ ಮೇಲ್ಮೈಯಲ್ಲಿರುತ್ತವೆ. ಫ್ಲೋರೋಸಿಸ್ ಕಲೆಗಳು ಕವಚದ ಒಳಗೇ ಇರುತ್ತವೆ. ಸುಮಾರು 8 ವರ್ಷದೊಳಗೆ, ಅಂದರೆ ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಧಿಕ ಫ್ಲೋರೈಡ್ ಸೇವಿಸಿದಲ್ಲಿ ಬಿಳಿ ಗೆರೆ, ಕಂದು ಕಲೆ ಹಾಗೂ ಗುಳಿಗಳು ಉಂಟಾಗುತ್ತವೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1.0 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹವಾಗಿದ್ದು, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿಸಲಾಗಿದೆ.

ದಾವಣಗೆರೆ ನಗರಕ್ಕೆ ತುಂಗಭದ್ರಾ ನದಿ ಹಾಗೂ ಭದ್ರಾ ನಾಲೆಯಿಂದಲೂ, ಹರಿಹರಕ್ಕೆ ತುಂಗಭದ್ರಾ ನದಿಯಿಂದಲೂ ನೀರು ಪೂರೈಕೆಯಾಗುತ್ತದೆ. ಕೊಳವೆಬಾವಿಯ ನೀರನ್ನೇ ಕುಡಿಯುವವರು ಹಾಗೂ ಜಗಳೂರಿನಂತಹ ಫ್ಲೋರೈಡ್ ಬಾಧಿತ ತಾಲ್ಲೂಕಿನಲ್ಲಿ ಬಾಲ್ಯ ಕಳೆದವರು ಈ ಅಂಶವನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಚಿಕಿತ್ಸಾ ವಿಧಾನಗಳು:
1. ಸ್ವಚ್ಛಗೊಳಿಸುವಿಕೆ: ಮೇಲ್ಮೈ ಕಲೆಗಳಿಗೆ ಸಾಕಾಗುತ್ತದೆ.
2. ಮೈಕ್ರೋಅಬ್ರೇಷನ್: ಆಮ್ಲ ಹಾಗೂ ಸವೆಸುವ ಪುಡಿಯ ಲೇಪನದಿಂದ ಕವಚದ ತೆಳು ಪದರವನ್ನು ತೆಗೆಯಲಾಗುವುದು. ಸೌಮ್ಯ ಫ್ಲೋರೋಸಿಸ್‌ಗೆ ಸೂಕ್ತ.
3. ಬ್ಲೀಚಿಂಗ್: ಪೆರಾಕ್ಸೈಡ್‌ನಿಂದ ಬಣ್ಣ ತಿಳಿಗೊಳಿಸಲಾಗುವುದು. ತಾತ್ಕಾಲಿಕವಾಗಿ ಹಲ್ಲು ಜುಮ್ಮೆನ್ನಬಹುದು. ಗುಳಿ ಬಿದ್ದ ಕವಚವನ್ನು ಇದು ಬಲಪಡಿಸುವುದಿಲ್ಲ.
4. ಕಾಂಪೋಸಿಟ್ ಲೇಪನ: ಹಲ್ಲಿನ ಬಣ್ಣದ ರಾಳದಿಂದ ಗುಳಿಗಳನ್ನು ತುಂಬಲಾಗುವುದು. ಕಾಲಕ್ರಮೇಣ ದುರಸ್ತಿ ಬೇಕಾಗುತ್ತದೆ.
5. ವಿನೀರ್ ಅಥವಾ ಕ್ರೌನ್: ತೀವ್ರ ಸ್ವರೂಪದಲ್ಲಿ ಮಾತ್ರ. ಸಾಮಾನ್ಯವಾಗಿ ಹಲ್ಲನ್ನು ಕೊರೆಯಬೇಕಾಗುವುದರಿಂದ ಪೂರ್ವಸ್ಥಿತಿಗೆ ತರಲಾಗದು.

ಎಲ್ಲಿ ಸಂಪರ್ಕಿಸಬೇಕು:
ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಅಥವಾ ಹರಿಹರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. ನಗರದಲ್ಲಿ 1979ರಲ್ಲಿ ಸ್ಥಾಪನೆಯಾದ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಹಾಗೂ 1991ರಲ್ಲಿ ಆರಂಭವಾದ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎಂಬ ಎರಡು ಖಾಸಗಿ ಬೋಧನಾ ಆಸ್ಪತ್ರೆಗಳಿವೆ. ಚಿಕಿತ್ಸೆಗೆ ಒಪ್ಪಿಗೆ ನೀಡುವ ಮೊದಲು ಶುಲ್ಕ, ಭೇಟಿಗಳ ಸಂಖ್ಯೆ ಹಾಗೂ ಬಾಳಿಕೆಯ ಅವಧಿಯನ್ನು ಕೇಳಿ ತಿಳಿಯತಕ್ಕದ್ದು. 2014ರಲ್ಲಿ ಆರಂಭಗೊಂಡ ದಂತಭಾಗ್ಯ ಯೋಜನೆಯು ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಕೃತಕ ದಂತಪಂಕ್ತಿ ನೀಡುವ ಉದ್ದೇಶದ್ದಾಗಿದ್ದು, ಕಲೆ ನಿವಾರಣೆಗೆ ಅನ್ವಯಿಸುವುದಿಲ್ಲ.

ಸಾರ್ವಜನಿಕರ ವಿಶೇಷ ಗಮನಕ್ಕೆ:
* ಆಮ್ಲ, ಇಟ್ಟಿಗೆ ಪುಡಿ, ಇದ್ದಿಲು ಅಥವಾ ನಿಂಬೆರಸದಿಂದ ಹಲ್ಲುಜ್ಜಬಾರದು. ಜಾತ್ರೆ, ಸಂತೆಗಳಲ್ಲಿ ಹಲ್ಲು ಕೆರೆಸಿಕೊಳ್ಳಬಾರದು.
* ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ರಿವರ್ಸ್ ಆಸ್ಮೋಸಿಸ್ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲದೆ ಅಡುಗೆಗೂ ಬಳಸಬೇಕು.
* ಮನೆಯ ಹಿರಿಯ ಮಗುವಿನ ಹಲ್ಲಿನಲ್ಲಿ ಫ್ಲೋರೋಸಿಸ್ ಕಂಡುಬಂದಲ್ಲಿ ಕೂಡಲೇ ನೀರನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಹಿರಿಯ ಮಗುವಿನ ಕಲೆಗೆ ಚಿಕಿತ್ಸೆಯುಂಟು. ಕಿರಿಯ ಮಗುವಿಗೆ ಕಲೆಯೇ ಬಾರದಂತೆ ತಡೆಯಲು ಅವಕಾಶವಿರುವುದು ಹಲ್ಲು ಹುಟ್ಟುವ ಮೊದಲು ಮಾತ್ರ.