ಬೈಪಾಸ್ ಶಸ್ತ್ರಚಿಕಿತ್ಸೆ: ದೀರ್ಘಕಾಲೀನ ಫಲಿತಾಂಶ

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕೊರೋನರಿ ಧಮನಿ ಕಟ್ಟಿಕೊಂಡಾಗ, ದೇಹದ ಬೇರೆಡೆಯ ನಾಳವನ್ನು ಜೋಡಿಸಿ ಅಡಚಣೆಯ ಆಚೆಗೆ ರಕ್ತ ಹರಿಸುವುದೇ ಬೈಪಾಸ್. ಅರ್ಜೆಂಟೀನಾದ ರೆನೆ ಫಾವಲೋರೋ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಕಾಲಿನ ಸಿರೆ ಬಳಸಿ ಮಾಡಿದ ಕೆಲಸದಿಂದ ಇದು ಜಗತ್ತಿನಾದ್ಯಂತ ಹರಡಿತು.

ಫಲಿತಾಂಶದ ಗುಟ್ಟು ಬಹುಮಟ್ಟಿಗೆ ಜೋಡಿಸಿದ ನಾಳದಲ್ಲಿದೆ. ಎದೆಗೂಡಿನ ಒಳಗೋಡೆಯ ಎಡ ಮ್ಯಾಮರಿ ಧಮನಿ ಹತ್ತು ವರ್ಷಗಳ ನಂತರವೂ ಶೇ. 90ರಷ್ಟು ರೋಗಿಗಳಲ್ಲಿ ತೆರೆದಿರುತ್ತದೆ. ಕಾಲಿನ ಸಿರೆಗಳಲ್ಲಿ ಆ ಹೊತ್ತಿಗೆ ಸುಮಾರು ಅರ್ಧದಷ್ಟು ಮುಚ್ಚಿಹೋಗಿರುತ್ತವೆ ಇಲ್ಲವೇ ಕಿರಿದಾಗಿರುತ್ತವೆ. ಕಡಿಮೆ ಒತ್ತಡಕ್ಕೆ ಒಗ್ಗಿದ ಸಿರೆ ಧಮನಿಯ ಒತ್ತಡಕ್ಕೆ ಸಿಕ್ಕಾಗ ಅದರ ಒಳಪದರ ದಪ್ಪಗಾಗಿ, ಕ್ರಮೇಣ ಕೊಬ್ಬು ಕೂರುತ್ತದೆ.

ಎದೆನೋವು ಹೆಚ್ಚಿನವರಲ್ಲಿ ಶಮನವಾಗುತ್ತದೆ. ಆಯುಷ್ಯದ ಲಾಭ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಎಡ ಮುಖ್ಯಧಮನಿಯ ಅಡಚಣೆ ಇರುವವರಿಗೆ, ಹಲವು ನಾಳ ಕೆಟ್ಟ ಮಧುಮೇಹಿಗಳಿಗೆ ಅದು ಸ್ಪಷ್ಟ. ಹೃದಯದ ಪಂಪಿಂಗ್ ಶಕ್ತಿ ಕುಗ್ಗಿದ್ದವರನ್ನು ಸುಮಾರು ಹತ್ತು ವರ್ಷ ಗಮನಿಸಿದ 'ಸ್ಟಿಚ್' ಅಧ್ಯಯನದಲ್ಲಿ, ಔಷಧವನ್ನಷ್ಟೇ ಪಡೆದವರಲ್ಲಿ ಶೇ. 66.1 ಮಂದಿ ಸತ್ತರೆ, ಬೈಪಾಸ್ ಕೂಡ ಆದವರಲ್ಲಿ ಶೇ. 58.9. ವ್ಯತ್ಯಾಸ ಸಣ್ಣದೆನಿಸಬಹುದು, ಇಷ್ಟು ಬಳಲಿದ ಹೃದಯಗಳ ಮಟ್ಟಿಗೆ ಅದು ದೊಡ್ಡದೇ.

ಶಸ್ತ್ರಚಿಕಿತ್ಸೆ ದಾರಿ ಬದಲಿಸುತ್ತದೆ, ಧಮನಿಕಾಠಿಣ್ಯವನ್ನು ಗುಣಪಡಿಸುವುದಿಲ್ಲ. ರೋಗಿಯನ್ನು ಮನೆಗೆ ಕಳಿಸುವ ದಿನವೇ ಈ ಮಾತನ್ನು ಬಿಡಿಸಿ ಹೇಳಬೇಕು. ಆಸ್ಪಿರಿನ್, ಸ್ಟ್ಯಾಟಿನ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಬೀಡಿ, ಸಿಗರೇಟನ್ನು ಪೂರ್ತಿ ಬಿಡಲೇಬೇಕು.