ಪೀಪಾಯಿ ಓಟದ ಹಲ್ಲಣ

ಅಮೆರಿಕೆಯ ಟೆಕ್ಸಾಸ್ ಸಂಸ್ಥಾನದಲ್ಲಿ ದನಗಾಹಿಗಳ ಅಶ್ವಕ್ರೀಡೆಗಳು ಬಹುಮಟ್ಟಿಗೆ ಪುರುಷರವೇ ಆಗಿದ್ದ ಕಾಲದಲ್ಲಿ, 1948ನೆಯ ಇಸವಿಯಲ್ಲಿ, ಸಾನ್ ಆಂಜೆಲೊ ಪಟ್ಟಣದಲ್ಲಿ 38 ಮಂದಿ ಸ್ತ್ರೀಯರು ಕಲೆತು ತಮ್ಮದೇ ಆದ ಸಂಘವೊಂದನ್ನು ಸ್ಥಾಪಿಸಿದರು. ಆ ಸಂಘದ ಆಶ್ರಯದಲ್ಲಿ ಬೆಳೆದ ಪಂದ್ಯಗಳೊಳಗೆ ಪೀಪಾಯಿ ಓಟವು ಅಗ್ರಗಣ್ಯವಾದುದು. ತ್ರಿಕೋನಾಕಾರವಾಗಿ ನಿಲ್ಲಿಸಿದ 3 ಪೀಪಾಯಿಗಳನ್ನು ರಾಹುತಿಯು ಒಂದಾದ ಮೇಲೊಂದರಂತೆ ಸುತ್ತಿ ಮರಳಬೇಕು. ಪೂರ್ಣಪ್ರಮಾಣದ ಕಣದಲ್ಲಿ ಮೊದಲಿನ ಎರಡರ ನಡುವೆ 90 ಅಡಿ. ಅವುಗಳಿಂದ ಮೂರನೆಯದಕ್ಕೆ 105 ಅಡಿ. ಒಂದು ಪೀಪಾಯಿ ಉರುಳಿದರೆ 5 ಸೆಕೆಂಡುಗಳ ದಂಡ. ಸೆಕೆಂಡಿನ ನೂರನೆಯ ಅಂಶದಿಂದ ಜಯಾಪಜಯಗಳು ನಿರ್ಣಯವಾಗುವಲ್ಲಿ ಅಷ್ಟು ದಂಡವೆಂದರೆ ಸೋಲೇ ಸರಿ.

ದನಗಾಹಿಯ ಹಲ್ಲಣವು ಈ ಓಟಕ್ಕಾಗಿ ಹುಟ್ಟಿದುದಲ್ಲ. ಸ್ಪೇನಿನವರು ಮೆಕ್ಸಿಕೋ ದೇಶಕ್ಕೆ ತಂದು, ಅಲ್ಲಿಂದ ಉತ್ತರಕ್ಕೆ ಹಬ್ಬಿದ ಆ ಹಲ್ಲಣದ ಮುಂದಲೆಯಲ್ಲಿ ಒಂದು ಕೊಂಬಿರುವುದು. ಕುಣಿಕೆಗೆ ಸಿಕ್ಕ ಹೋರಿಯ ಹಗ್ಗವನ್ನು ಅದಕ್ಕೆ ಸುತ್ತಿ ಹಿಡಿಯಬೇಕಾದುದರಿಂದ ಒಳಗಿನ ಚೌಕಟ್ಟು ಬಲವಾಗಿಯೂ ತೊಗಲು ವಿಸ್ತಾರವಾಗಿಯೂ ಇರಬೇಕಾಯಿತು. ತೂಕವು ಅನೇಕವೇಳೆ 40 ಪೌಂಡುಗಳನ್ನು ಮೀರುವುದು. ಓಟಕ್ಕೆ ಈ ಭಾರವು ವ್ಯರ್ಥ. ಆದಕಾರಣ ಕುಶಲಿಗಳು ತೊಗಲನ್ನು ಕುಗ್ಗಿಸಿ, ಆಸನವನ್ನು ಆಳವಾಗಿಸಿ, ತಿರುವಿನಲ್ಲಿ ಕೈಗೆ ಆಸರೆಯಾಗುವಂತೆ ಕೊಂಬನ್ನು ಸಣ್ಣಗೆ ಎತ್ತರವಾಗಿ ಮಾಡಿದರು. (ಕನ್ನಡದ ಹಲ್ಲಣಕ್ಕೆ ಮೂಲವಾದ ಪರ್ಯಾಣ ಶಬ್ದವನ್ನು ‘ಸುತ್ತಿ ಬರುವುದು’ ಎಂಬರ್ಥದಿಂದ ಬಿಡಿಸುವುದುಂಟು, ಆ ವ್ಯುತ್ಪತ್ತಿಯು ಇಲ್ಲಿ ಚೆನ್ನಾಗಿ ಒಪ್ಪುತ್ತದೆ.)

ಆದರೆ ರಾಹುತಿಗೆ ಸುಖವಾದುದು ಕುದುರೆಗೂ ಸುಖವೆಂಬ ನಿಯಮವಿಲ್ಲ. ಕೊಳ್ಳುವವರು ಬೆಳ್ಳಿಯ ಕೆತ್ತನೆಯನ್ನು ನೋಡುವರು. ಬೆನ್ನನ್ನು ನೋಡುವವರು ವಿರಳ. ಈ ಓಟಕ್ಕೆ ಹೆಚ್ಚಾಗಿ ಬಳಸುವ ಕ್ವಾರ್ಟರ್ ತಳಿಯಲ್ಲಿ ಅಗಲಬೆನ್ನಿನವು ಬಹಳ. ಚೌಕಟ್ಟು ಇಕ್ಕಟ್ಟಾದರೆ ಹೆಗಲ ಸ್ನಾಯುಗಳನ್ನು ಹಿಸುಕುವುದು. ಸಡಿಲವಾದರೆ ಕುತ್ತಿಗೆಯ ಬುಡದ ಉಬ್ಬಿನ ಮೇಲೆ ಕುಸಿಯುವುದು. ಕುದುರೆ ಮುಂಗಾಲನ್ನು ಚಾಚಿದಾಗ ಹೆಗಲೆಲುಬಿನ ಮೇಲ್ತುದಿ ಹಿಂದಕ್ಕೆ ಸರಿಯುವುದರಿಂದ ಚೌಕಟ್ಟು ಅದರ ಹಿಂದೆ ಇರಬೇಕು. ಕಡೆಯ ಪಕ್ಕೆಲುಬನ್ನು ದಾಟಲಾಗದು. ಬೆನ್ನುಮೂಳೆಯ ಮೇಲೆ ಉದ್ದಕ್ಕೂ ತೆರವಿರಬೇಕು. ಕಂಬಳಿ ಹಾಸದೆ ಹಲ್ಲಣವನ್ನಿರಿಸಿ ಕೆಳಗೆ ಕೈಯಾಡಿಸಿದರೆ ಎಲ್ಲಿ ಒತ್ತುವುದೆಂಬುದು ತಿಳಿಯುವುದು. ಹಳೆಯ ಒತ್ತಡದ ಗಾಯವಿದ್ದಲ್ಲಿ ಬಿಳಿಯ ಕೂದಲು ಬೆಳೆದಿರುವುದುಂಟು. ಇಕ್ಕಟ್ಟಾದ ಹಲ್ಲಣದಡಿ ಮತ್ತೊಂದು ಕಂಬಳಿಯನ್ನು ತುರುಕುವುದು, ಕಚ್ಚುವ ಪಾದರಕ್ಷೆಯೊಳಗೆ ದಪ್ಪ ಕಾಲುಚೀಲವನ್ನು ತೊಟ್ಟಂತೆ. ನೋವಿನಿಂದ ತಿರುವನ್ನು ಅಗಲವಾಗಿ ತೆಗೆದುಕೊಳ್ಳುವ, ಕಣವನ್ನು ಪ್ರವೇಶಿಸಲೊಲ್ಲದ ಪ್ರಾಣಿಗೆ ಮೊಂಡುತನವೆಂಬ ಹೆಸರು ಬರುವುದು. ಏಟೂ ಅದಕ್ಕೇ ಬೀಳುವುದು.

ರಾಷ್ಟ್ರದ ಮಹಾಪಂದ್ಯದಲ್ಲಿ ಈ ಓಟಕ್ಕೆ 1967ರಲ್ಲಿ ಸ್ಥಾನ ದೊರೆಯಿತು. 1985ರಲ್ಲಿ, ಲಾಸ್ ವೇಗಸ್ಸಿನಲ್ಲಿ, ಶಾರ್ಮೇನ್ ಜೇಮ್ಸ್ ಎಂಬಾಕೆಯ ಸ್ಕ್ಯಾಂಪರ್ ಎಂಬ ಕುದುರೆಯ ತಲೆಗಟ್ಟು ಓಟದ ನಡುವೆಯೇ ಕಳಚಿತು. ಲಗಾಮಿನ ಹಿಡಿತ ತಪ್ಪಿ ಆಕೆಗೆ ಹಲ್ಲಣವೊಂದೇ ಆಧಾರವಾಯಿತು. ಕುದುರೆ ಮಾತ್ರ ದಾರಿ ತಪ್ಪದೆ ಪೀಪಾಯಿಗಳನ್ನು ಸುತ್ತಿ ಬಂದು, ಆ ದಿನದ ಸುತ್ತನ್ನು ಗೆದ್ದಿತು.