'ಬ್ಬೆ'ಯಲ್ಲಿ ಮುಗಿಯುವ ಹೆಸರುಗಳು

ಹಳಗನ್ನಡ ಕಾವ್ಯ, ಶಾಸನಗಳಲ್ಲಿ 'ಬ್ಬೆ' ಎಂಬ ಅಕ್ಷರದಲ್ಲಿ ಮುಗಿಯುವ ಸ್ತ್ರೀನಾಮಗಳು ಹೇರಳವಾಗಿವೆ. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. ಬೆಳತೂರಿನ 1057ರ ಶಾಸನದಲ್ಲಿ ಚಿತೆಯೇರಿದವಳು ದೇಕಬ್ಬೆ. 10ನೆಯ ಶತಮಾನದ ಆರಂಭದಲ್ಲಿ, ಪತಿಯ ಮರಣಾನಂತರ ನಾಗರಖಂಡವನ್ನು ಆಳಿದವಳು ಜಕ್ಕಿಯಬ್ಬೆ. ಜಕ್ಕಿ ಎಂಬುದು ಯಕ್ಷಿಯ ತದ್ಭವ. ಅಬ್ಬೆ ಎಂದರೆ ತಾಯಿ. ಹವ್ಯಕರ ಮನೆಮಾತಿನಲ್ಲಿ ಇಂದಿಗೂ ತಾಯಿ ಅಬ್ಬೆಯೇ. ಆಗ ತಾನೆ ಹುಟ್ಟಿದ ಹಸುಳೆಯನ್ನು ತಾಯಿಯೆಂದು ಕರೆದ ಕಾಲವದು!

ಇವರೆಲ್ಲರಲ್ಲಿ ಅತ್ತಿಮಬ್ಬೆಯ ಹೆಸರಿನ ಕಥೆಯೇ ಬೇರೆ. ಅವಳೂ ತಂಗಿ ಗುಂಡಮಬ್ಬೆಯೂ ನಾಗದೇವನ ಪತ್ನಿಯರು. ಅವನು ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಮಗ ಅಣ್ಣಿಗದೇವನಿಗಾಗಿ ಬದುಕಿ ಉಳಿದ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ರನ್ನನು 993ರಲ್ಲಿ 'ಅಜಿತಪುರಾಣ'ವನ್ನು ರಚಿಸಿದ್ದು ಅವಳ ಆಶ್ರಯದಲ್ಲಿಯೇ. ಆಶ್ರಯದಾತರನ್ನು ಕಾವ್ಯದಲ್ಲಿ ಹೊಗಳುವುದು ಕವಿಗಳ ವಾಡಿಕೆ. ರನ್ನ ಅಷ್ಟಕ್ಕೇ ನಿಲ್ಲಲಿಲ್ಲ. ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟನು. ಅವನು ಕಾವ್ಯದಲ್ಲಿ ಸಲ್ಲಿಸಿದ ಪ್ರಶಸ್ತಿಗಳಿಗಿಂತ ತೊಟ್ಟಿಲಲ್ಲಿಟ್ಟ ಈ ಹೆಸರು ನನಗೆ ಹೆಚ್ಚು ನಂಬಲರ್ಹವೆನಿಸುತ್ತದೆ.

ಉತ್ತರ ಕರ್ನಾಟಕದ ನೀಲವ್ವ, ಮಲ್ಲವ್ವ, ಬಸವ್ವರಲ್ಲಿರುವ ಅವ್ವ ಈ ಅಬ್ಬೆಯ ಬಳಗದವಳೇ. ಇಂದಿನ ನಾಮಕರಣಗಳಲ್ಲಿ ಅವಳೂ ಅಪರೂಪವಾಗುತ್ತಿದ್ದಾಳೆ.